ನೆರೆಯವನ ನೆಲದಲ್ಲಿ ನಮ್ಮ ಹಾದಿ

ಕಾದೇಶಿನಲ್ಲಿ ಬೀಡುಬಿಟ್ಟಿದ್ದ ಮೋಶೆಯು ಎದೋಮ್ಯರ ಅರಸನ ಬಳಿಗೆ ದೂತರನ್ನು ಅಟ್ಟಿ ಬೇಡಿಕೊಂಡದ್ದು ಒಂದು ಹಾದಿಯನ್ನು ಮಾತ್ರ. ಹೊಲಗಳಲ್ಲಾಗಲಿ ದ್ರಾಕ್ಷಾತೋಟಗಳಲ್ಲಾಗಲಿ ಕಾಲಿಡುವುದಿಲ್ಲ, ಬಾವಿಯ ನೀರನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರೂ ಎದೋಮ್ಯರು ಒಪ್ಪದೆ, ಸೈನ್ಯಸಮೇತ ಎದುರು ಬಂದು ನಿಂತರು. ಸಂಖ್ಯಾಕಾಂಡದ 20ನೇ ಅಧ್ಯಾಯದಲ್ಲಿರುವ ಈ ಪ್ರಸಂಗದಲ್ಲಿ ಬೇಡಿದವರು ಯಾಕೋಬನ ವಂಶಜರು, ಒಲ್ಲೆವೆಂದವರು ಏಸಾವನ ವಂಶಜರು. ಹಾದಿಯ ಜಗಳವು ಅಣ್ಣತಮ್ಮಂದಿರ ಜಗಳವಾಗಿರುವುದು ಅಂದಿನಿಂದಲೂ ಉಂಟೆಂದು ತೋರುತ್ತದೆ.

ನಮ್ಮ ಕರಾವಳಿಯಲ್ಲಿ ಬಯಲುಸೀಮೆಯಂತೆ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ಒಬ್ಬೊಬ್ಬನ ಮನೆಯೂ ಅವನವನ ಗದ್ದೆ ತೋಟಗಳ ನಡುವೆ ಇರುತ್ತದೆ. ಆದಕಾರಣ ಪೇಟೆಗೆ, ಶಾಲೆಗೆ, ಇಗರ್ಜಿಗೆ ಹೊರಟವನು ಕಟ್ಟಪುಣಿಯ ಮೇಲೆ ನಡೆದು, ತಡಮೆಯನ್ನು ದಾಟಿ, ಮತ್ತೊಬ್ಬನ ಅಂಗಳದ ಬದಿಯಿಂದಲೇ ಸಾಗಬೇಕು. ಹಿರಿಯರ ಕಾಲದಲ್ಲಿ ಇದಕ್ಕೆ ಕಾಗದಪತ್ರದ ಅಗತ್ಯವಿದ್ದುದಿಲ್ಲ. ತಡಮೆಯ ಬಳಿ ನಿಂತು ಒಂದು ಕ್ಷೇಮಸಮಾಚಾರವನ್ನು ಆಡಿದರೆ ಸಾಕಾಗುತ್ತಿತ್ತು.

ಈ ವ್ಯವಹಾರಕ್ಕೆ ಲಿಖಿತ ಕಾನೂನು ಬಂದದ್ದು 1882ರಲ್ಲಿ. ಆ ವರ್ಷದ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಈಸ್‌ಮೆಂಟ್ ಕಾಯಿದೆಯು ಮೊದಲು ಮದ್ರಾಸು ಪ್ರಾಂತ, ಮಧ್ಯ ಪ್ರಾಂತ ಹಾಗೂ ಕೊಡಗಿಗೆ ಅನ್ವಯಿಸಿತು. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಅಂದೇ ಬಂದಿತು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಗಿದ್ದ ಉತ್ತರ ಕನ್ನಡದವರು ಮಾತ್ರ 1891ರವರೆಗೆ ಕಾಯಬೇಕಾಯಿತು. ಕಾಯಿದೆಯ ಕರಡನ್ನು ರಚಿಸಿದ ವಿಟ್ಲಿ ಸ್ಟೋಕ್ಸ್ ಎಂಬವರು ಡಬ್ಲಿನ್ ನಗರದವರು, ಪ್ರಾಚೀನ ಐರಿಷ್ ಭಾಷೆಯ ಮಹಾಪಂಡಿತರು. ಸಂತ ಪ್ಯಾಟ್ರಿಕ್ಕರ ಪುರಾತನ ಜೀವನಚರಿತ್ರೆಯೊಂದನ್ನು 1887ರಲ್ಲಿ ಸಂಪಾದಿಸಿ ಪ್ರಕಟಿಸಿದವರೂ ಇವರೇ.

ಒಂದು ನೆಲದ ಅನುಭೋಗಕ್ಕಾಗಿ ಇನ್ನೊಬ್ಬನ ನೆಲದ ಮೇಲೆ ಇರುವ ಹಕ್ಕೇ ಈಸ್‌ಮೆಂಟ್. ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂದು ತಿಳಿದು, ತಡೆಯಿಲ್ಲದೆ 20 ವರ್ಷ ನಡೆದರೆ ಹಾದಿಯ ಹಕ್ಕು ಪ್ರಾಪ್ತವಾಗುತ್ತದೆಂದು 15ನೇ ಕಲಮು ಹೇಳುತ್ತದೆ. ಆ 20 ವರ್ಷಗಳ ಅವಧಿಯು ದಾವೆ ಹೂಡುವುದಕ್ಕೆ ಹಿಂದಣ ಎರಡು ವರ್ಷಗಳೊಳಗೆ ಕೊನೆಗೊಂಡಿರಬೇಕು. ಅಂದರೆ ಬೇಲಿ ಬಿದ್ದ ಮೇಲೆ, ಇಂದು ನಾಳೆ ಸರಿಯಾದೀತೆಂದು ವರುಷಗಟ್ಟಲೆ ಸುಮ್ಮನಿದ್ದವನ ಕೈಯಿಂದ ಹಕ್ಕು ಜಾರಿಹೋಗುತ್ತದೆ.

ನಮಗೆ ಇಲ್ಲಿ ತೊಡಕಾಗಿ ಕಾಣುವುದು ಬೇರೊಂದು. ಅಪ್ಪಣೆ ಕೇಳಿ ನಡೆದವನಿಗೆ ಈ ಕಲಮಿನಿಂದ ಏನೂ ದೊರೆಯದು. ಅವನದು ಬರಿಯ ಅನುಮತಿ. ಕೊಟ್ಟವನು ಸಾಮಾನ್ಯವಾಗಿ ಅದನ್ನು ಹಿಂತೆಗೆದುಕೊಳ್ಳಬಹುದು. ಐವತ್ತು ವರ್ಷ ವಿನಯದಿಂದ ಕೇಳಿಕೊಂಡು ನಡೆದವನು ಬರಿಗೈಯಲ್ಲಿ ನಿಲ್ಲುತ್ತಾನೆ. ಯಾರನ್ನೂ ಕೇಳದೆ 20 ವರ್ಷ ನಡೆದವನು ಗೆಲ್ಲುತ್ತಾನೆ. ನೆಲದ ಒಡೆಯನಿಗೂ ಒಂದು ಅಂಜಿಕೆ ಉಂಟು. ಇಂದು ಸುಮ್ಮನಿದ್ದರೆ ಮಕ್ಕಳ ಕಾಲಕ್ಕೆ ಅದೇ ಹಕ್ಕಾದೀತೆಂದು ವಕೀಲರು ಎಚ್ಚರಿಸಿದ ಮೇಲೆ, ದಯಾಳುವೂ ತಡಮೆಗೆ ಮುಳ್ಳು ಹಾಕುತ್ತಾನೆ. ಇಂಥವನನ್ನು ಪೂರ್ತಿ ದೂಷಿಸಲು ನಮಗೆ ಮನಸ್ಸು ಬಾರದು.

ದಾವೆಗಳಿಗೆ ಎಡೆಮಾಡಿದವು ಮುಖ್ಯವಾಗಿ ಎರಡು. ಒಂದು ಕುಟುಂಬದ ಪಾಲುಪಟ್ಟಿ. ಹಿರಿಯವನಿಗೆ ರಸ್ತೆಬದಿ, ಕಿರಿಯವನಿಗೆ ಒಳಗಿನ ತೋಟ. ಪತ್ರದಲ್ಲಿ ತೆಂಗಿನ ಮರಗಳ ಲೆಕ್ಕವಿದ್ದರೂ ಹಾದಿಯ ಮಾತಿಲ್ಲ. ಕಿರಿಯವನಿಗೆ ಬೇರೆ ದಾರಿಯೇ ಇಲ್ಲದಿದ್ದರೆ 13ನೇ ಕಲಮು ಅವನನ್ನು ಕೈಹಿಡಿಯುತ್ತದೆ. ಆದರೆ ಬೇರೊಂದು ದಾರಿ ಒದಗಿ ಅಗತ್ಯ ತೀರಿದೊಡನೆ ಆ ಹಕ್ಕೂ ತೀರಿತೆಂದು 41ನೇ ಕಲಮು ಸಾರುತ್ತದೆ. ಇನ್ನೊಂದು, 1974ರ ಭೂಸುಧಾರಣೆ. ಅಲ್ಲಿಯವರೆಗೆ ಒಬ್ಬನೇ ಧಣಿಯ ಒಕ್ಕಲುಗಳು ಒಬ್ಬರ ಗದ್ದೆಯ ಮೂಲಕ ಒಬ್ಬರು ನಡೆಯುತ್ತಿದ್ದರು. ಒಡೆಯನಿಗೆ ಸ್ವಂತ ನೆಲದ ಮೇಲೆಯೇ ಈಸ್‌ಮೆಂಟ್ ಇರಲಾರದಾದ್ದರಿಂದ ಅವನ ಒಕ್ಕಲುಗಳ ಆ ನಡಿಗೆಯಿಂದ ಹಕ್ಕು ಹುಟ್ಟುವಂತಿರಲಿಲ್ಲ. ಗೇಣಿದಾರರು ತಾವೇ ಒಡೆಯರಾದಾಗ ಅಕ್ಕಪಕ್ಕದ ಹತ್ತು ಒಡೆತನಗಳು ಉಂಟಾದವು. ನೆಲ ಸಿಕ್ಕಿದ ಸಂತೋಷದಲ್ಲಿ ಹಾದಿಯನ್ನು ಬರೆಯಿಸಿಕೊಳ್ಳಬೇಕೆಂಬುದು ಅನೇಕರ ನೆನಪಿಗೆ ಬರಲಿಲ್ಲ.

ಕೋರ್ಟು ಸಾಕ್ಷ್ಯದಲ್ಲಿ ಬಹಳ ಕಟ್ಟುನಿಟ್ಟು. ಗೋವೆಯ ನೆರೆಹೊರೆಯವರ ಹಾದಿಯ ಮೊಕದ್ದಮೆಯೊಂದು ಸುಪ್ರೀಂ ಕೋರ್ಟಿನವರೆಗೆ ಹೋದಾಗ, 20 ವರ್ಷಕ್ಕೆ ಮೀರಿದ ನಡಿಗೆಯನ್ನು ವಾದಪತ್ರದಲ್ಲಿ ಸ್ಪಷ್ಟವಾಗಿ ಹೇಳಿ ರುಜುಪಡಿಸಲಿಲ್ಲವೆಂದು ಹಾದಿ ಬೇಡಿದವರು ಸೋತರು. 2005ರ ಕಾನೂನು ವರದಿಗಳಲ್ಲಿ ಅದು ಅಚ್ಚಾಗಿದೆ. 2006ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯವು, ಪತ್ರಮುಖೇನ ಕೊಟ್ಟ ಹಾದಿಯು ಬೇರೆ ದಾರಿ ಒದಗಿತೆಂಬ ಮಾತ್ರಕ್ಕೆ ಅಳಿಯುವುದಿಲ್ಲವೆಂದು ಹೇಳಿತು. ಅಜ್ಜನ ಒಂದು ಸಾಲಿನ ಬರಹಕ್ಕೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಊರವರೆಲ್ಲ ಇಗರ್ಜಿಗೆ ನಡೆಯುವ ಹಾದಿಯ ಗತಿಯೇನು? ಈಸ್‌ಮೆಂಟ್ ಒಂದು ನೆಲಕ್ಕೆ ಅಂಟಿದ ಹಕ್ಕು, ಜನಕ್ಕೆ ಅಂಟಿದ್ದಲ್ಲ. ಸ್ವಂತ ಜಮೀನಿನ ಸಂಬಂಧವಿಲ್ಲದೆ ಸಾರ್ವಜನಿಕರಿಗೆ ಇರುವ ರೂಢಿಯ ಹಕ್ಕುಗಳನ್ನು 2ನೇ ಕಲಮು ಮುಟ್ಟದೆ ಹೊರಗಿರಿಸಿದೆ. ಅಂಥ ಹಾದಿಯನ್ನು ಊರ ರೂಢಿಯೆಂದು ಬೇರೆಯಾಗಿಯೇ ಸ್ಥಾಪಿಸಬೇಕಾಗುತ್ತದೆ. ಹಿಂದೆ ವಾಡೆಯ ಗುರ್ಕಾರರು ಎರಡೂ ಮನೆಯವರನ್ನು ಕೂಡಿಸಿ ಮಾತಾಡಿಸಿದಲ್ಲಿ, ಆ ಸಾಕ್ಷ್ಯದ ಕೆಲಸ ಕೋರ್ಟಿಗೆ ಉಳಿಯುತ್ತಿರಲಿಲ್ಲ. ಸಹೋದರರು ಸಹೋದರರ ಮೇಲೆ ವ್ಯಾಜ್ಯ ಹೂಡುವುದನ್ನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು ಕಟುವಾಗಿ ಖಂಡಿಸಿದ್ದಾರೆ. ಗುರ್ಕಾರರು ಆ ಪತ್ರವನ್ನು ಓದಿದ್ದರೋ ಇಲ್ಲವೋ, ಕೆಲಸ ಮಾತ್ರ ಅದೇ.

ಈಗಿನ ಜಗಳ ಅಗಲದ್ದು. ಒಂದು ಬಗೆಯ ಹಾದಿಯ ಹಕ್ಕಿನಲ್ಲಿ ಮತ್ತೊಂದು ಬಗೆಯದು ಅಡಗಿರುವುದಿಲ್ಲವೆಂದು 28ನೇ ಕಲಮು ಹೇಳುತ್ತದೆ. ಕಾಲುನಡಿಗೆಯಿಂದ ಪಡೆದ ಹಕ್ಕು ವಾಹನಕ್ಕೆ ಸಲ್ಲದು. ರೋಗಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಹೊತ್ತು, ಶವಪೆಟ್ಟಿಗೆಯನ್ನು ಹೆಗಲಮೇಲಿರಿಸಿ ಕಟ್ಟಪುಣಿಯಲ್ಲಿ ಸಾಗಿದವರು ಗಳಿಸಿಟ್ಟದ್ದು ಮೂರಡಿಯ ಹಾದಿ. ಇಂದು ಅಂಗಳಕ್ಕೆ ಆಂಬುಲೆನ್ಸ್ ಬರಬೇಕು. ಉಳಿದ ಅಡಿಗಳಿಗಾಗಿ ನೆರೆಯವನ ಜಗಲಿಯನ್ನೇ ಏರಬೇಕು. ಅವನು ಒಪ್ಪಿದನಾದರೆ ಸಬ್‌ರಿಜಿಸ್ಟ್ರಾರರ ಕಚೇರಿಗೆ ಇಬ್ಬರೂ ಕೂಡಿ ಹೋಗಬೇಕು.