ಮುಚ್ಚಲು ಹೊರಟ ಬಾನುಲಿ ಉಳಿದ ಬಗೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ರೇಡಿಯೋದ ಚರಿತ್ರೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಊರು ಬಿಟ್ಟು ಮುಂಬಯಿಗೆ ಬಂದು ನೆಲಸಿದ ನಮ್ಮಂಥವರ ಸ್ಥಿತಿಯನ್ನು ನೋಡಿ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ಇಂಗ್ಲಿಷು, ಹಿಂದಿ, ಮರಾಠಿ. ಬೀದಿಯಲ್ಲಿ ಆಡುವುದೂ ಅದನ್ನೇ. ಕನ್ನಡ ಅವರ ಪಾಲಿಗೆ ಓದುವ ನುಡಿಯಾಗಿರದೆ ಕೇಳುವ ನುಡಿಯಾಗಿದೆ. ಕಿವಿಗೆ ಬೀಳುವಷ್ಟೇ ಅವರಿಗೆ ದಕ್ಕುವ ಕನ್ನಡ. ಅಂದಮೇಲೆ ಕನ್ನಡವನ್ನು ಕಿವಿಗೆ ಮುಟ್ಟಿಸುವ ಸಾಧನ ಉಳಿಯುವುದೋ ಅಳಿಯುವುದೋ ಎಂಬ ಮಾತು ನಮ್ಮದೂ ಹೌದು. ಈ ಸಾಧನ ಒಮ್ಮೆ ಅಳಿದೇ ಹೋಗುವುದರಲ್ಲಿತ್ತು. ಆ ಕಥೆಯ ಮೊದಲ ಅಧ್ಯಾಯ ನಡೆದದ್ದು ನಾವಿರುವ ಈ ನಗರದಲ್ಲಿಯೇ.

ನಮ್ಮ ದೇಶದಲ್ಲಿ ರೇಡಿಯೋ ಹವ್ಯಾಸಿಗಳ ಕೈಯಲ್ಲಿ ಹುಟ್ಟಿತು. 1923ರಲ್ಲಿ ಮುಂಬಯಿ ಮತ್ತು ಕಲಕತ್ತೆಯ ರೇಡಿಯೋ ಕ್ಲಬ್ಬುಗಳೂ 1924ರಲ್ಲಿ ಮದರಾಸಿನ ಕ್ಲಬ್ಬೂ ಪ್ರಸಾರವನ್ನು ಆರಂಭಿಸಿದವು. ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಹಣಕ್ಕೆ. ಮದರಾಸಿನ ಕ್ಲಬ್ಬು 1927ರಲ್ಲಿ ಪ್ರಸಾರ ನಿಲ್ಲಿಸಬೇಕಾಯಿತು. ಅದೇ ವರ್ಷ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ಕೇಂದ್ರವನ್ನು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದರು. ಒಂದು ತಿಂಗಳ ತರುವಾಯ ಕಲಕತ್ತೆಯ ಕೇಂದ್ರವೂ ತೆರೆಯಿತು.

ಬ್ಯಾಂಕಿನ ಗುಮಾಸ್ತರಾದ ನಮಗೆ ಜಮಾ-ಖರ್ಚು ನೋಡದೆ ಮುಂದೆ ಹೋಗುವ ಅಭ್ಯಾಸವಿಲ್ಲ. ಆ ಕಂಪನಿಯ ಅಧಿಕೃತ ಬಂಡವಾಳ 15 ಲಕ್ಷ ರೂಪಾಯಿ. ಕೂಡಿದ್ದು 6 ಲಕ್ಷ. ಅದರಲ್ಲಿ ನಾಲ್ಕೂವರೆ ಲಕ್ಷ ಎರಡು ಕೇಂದ್ರಗಳ ಸ್ಥಾಪನೆಗೇ ಮುಗಿಯಿತು. ರೇಡಿಯೋ ಇಟ್ಟವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕೊಡಬೇಕು. ಅದರಲ್ಲಿ 8 ರೂಪಾಯಿ ಕಂಪನಿಗೆ. 1929ರ ಕೊನೆಗೆ ದೇಶದಲ್ಲಿದ್ದ ಲೈಸೆನ್ಸುಗಳು ಎಂಟು ಸಾವಿರಕ್ಕೂ ಕಡಿಮೆ. ಗುಣಿಸಿ ನೋಡಿದರೆ ವರ್ಷಕ್ಕೆ 60 ಸಾವಿರದ ಆಸುಪಾಸು. ಪರದೇಶದಿಂದ ಬರುವ ಸಲಕರಣೆಗಳ ಬೆಲೆಯ ಮೇಲೆ ನೂರಕ್ಕೆ 10ರಂತೆ ಸಿಗುತ್ತಿದ್ದ ವಂತಿಗೆಯೂ ಸಾಲದು. ಗಾಯಕರು, ವಾದ್ಯಗಾರರು, ಇಂಜಿನಿಯರುಗಳು, ಸಿಬ್ಬಂದಿ, ವಿದ್ಯುತ್ತು – ಎರಡು ಮಹಾನಗರಗಳಲ್ಲಿ ಇಷ್ಟನ್ನೂ ಈ ಹಣದಲ್ಲಿ ತೂಗಿಸುವುದು ಹೇಗೆ? ಲೈಸೆನ್ಸಿಲ್ಲದೆ ಕದ್ದು ಕೇಳುವವರು ಬೇರೆ. 1930ರ ಮಾರ್ಚ್ 1ರಂದು ಕಂಪನಿ ಲಿಕ್ವಿಡೇಷನ್ನಿಗೆ ಹೋಯಿತು.

ಏಪ್ರಿಲ್ 1ರಿಂದ ಸರಕಾರವೇ ಎರಡೂ ಕೇಂದ್ರಗಳನ್ನು ಪರೀಕ್ಷಾರ್ಥವಾಗಿ ಎರಡು ವರ್ಷದ ಮಟ್ಟಿಗೆ ವಹಿಸಿಕೊಂಡಿತು. ಆದರೆ ಅದು ಜಗತ್ತಿನ ವ್ಯಾಪಾರವೆಲ್ಲ ಕುಸಿದಿದ್ದ ಕಾಲ. ಸರಕಾರದ ಎಲ್ಲ ಇಲಾಖೆಗಳಲ್ಲಿಯೂ ಖರ್ಚು ಕಡಿತದ ಕತ್ತರಿ ಆಡುತ್ತಿತ್ತು. 1931ರ ಅಕ್ಟೋಬರಿನಲ್ಲಿ ಪ್ರಸಾರವನ್ನೇ ಮುಚ್ಚಿಬಿಡುವುದೆಂದು ತೀರ್ಮಾನವಾಯಿತು.

ಸರಕಾರದ ಪಕ್ಷವನ್ನೂ ನಾವು ಕೇಳಬೇಕು. ಆ ವರ್ಷದ ಜನಗಣತಿಯಂತೆ ದೇಶದ ಜನಸಂಖ್ಯೆ 35 ಕೋಟಿ. ಲೈಸೆನ್ಸ್ ಇದ್ದವರು ಸುಮಾರು 8 ಸಾವಿರ. ಒಂದೂವರೆ ಕಿಲೋವ್ಯಾಟಿನ ಆ ಕೇಂದ್ರಗಳ ದನಿ ಸರಿಯಾಗಿ ಕೇಳುತ್ತಿದ್ದುದು ಸುತ್ತಲಿನ 30 ಮೈಲಿಗಳಲ್ಲಿ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೆಲ್ಲ ಆಗ ಮುಂಬಯಿ ಪ್ರಾಂತದಲ್ಲಿಯೇ ಇದ್ದವು. ತನಗೆ ಕೇಳಿಸದ ಸಂಗೀತಕ್ಕೆ ಅಲ್ಲಿಯ ಒಕ್ಕಲಿಗನು ಕಂದಾಯ ತೆರಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಬಾವಿಯ ನೀರು ನಾಲ್ಕು ಮನೆಗೆ ಮಾತ್ರ ಸಿಗುತ್ತಿದ್ದರೆ ಹಗ್ಗವನ್ನು ಉದ್ದಮಾಡಬೇಕು, ಬಾವಿಯನ್ನು ಮುಚ್ಚುವುದಲ್ಲ.

ಕೇಳುಗರು ಸುಮ್ಮನಿರಲಿಲ್ಲ. ವಿಶೇಷವಾಗಿ ಬಂಗಾಳದಲ್ಲಿ ದೊಡ್ಡ ಕೂಗೆದ್ದಿತು. ರೇಡಿಯೋ ಮಾರುವ ವ್ಯಾಪಾರಿಗಳೂ ದನಿಗೂಡಿಸಿದರು. ನವೆಂಬರ್ 23ರಂದು ಸರಕಾರ ತನ್ನ ಆಜ್ಞೆಯನ್ನು ಹಿಂದೆಗೆದುಕೊಂಡಿತು. 1932ರ ಮೇ ತಿಂಗಳಲ್ಲಿ, ಪ್ರಸಾರವನ್ನು ಸರಕಾರವೇ ಮುಂದುವರಿಸುವುದೆಂದು ನಿಶ್ಚಯವಾಯಿತು. ಇದು ಪುಕ್ಕಟೆಯಾಗಿ ದೊರೆತದ್ದಲ್ಲ. ರೇಡಿಯೋ ಸೆಟ್ಟುಗಳ ಆಮದು ಸುಂಕ ನೂರಕ್ಕೆ 25 ಇದ್ದದ್ದು 50ಕ್ಕೇರಿತು.

ಮುಂದೆ ಆದದ್ದನ್ನು ನೋಡಿದರೆ ಸೋಜಿಗವೆನಿಸುತ್ತದೆ. 1932ರ ಡಿಸೆಂಬರಿನಲ್ಲಿ ಬಿಬಿಸಿಯ ಎಂಪಯರ್ ಸರ್ವಿಸ್ ಆರಂಭವಾಗಿ, ಇಲ್ಲಿಯ ಯೂರೋಪಿಯನ್ನರು ರೇಡಿಯೋ ಕೊಳ್ಳತೊಡಗಿದರು. 1933ರ ಕಾಯಿದೆ ಕದ್ದು ಕೇಳುವುದಕ್ಕೆ ತಡೆಯೊಡ್ಡಿತು. 1934ರ ಕೊನೆಗೆ ಲೈಸೆನ್ಸುಗಳ ಸಂಖ್ಯೆ 16 ಸಾವಿರ ದಾಟಿತು: ಮೂರೇ ವರ್ಷದಲ್ಲಿ ಇಮ್ಮಡಿ! 1936ರ ಜನವರಿ 1ರಂದು ದಿಲ್ಲಿ ಕೇಂದ್ರ ತೆರೆಯಿತು. ಜೂನ್ 8ರಂದು ಆ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು. 1931ರಲ್ಲಿ ಬಾಗಿಲು ಹಾಕಿದ್ದರೆ ಇದಾವುದೂ ಆ ವೇಳೆಗೆ ಆಗುತ್ತಿರಲಿಲ್ಲ.

ಇತ್ತ ಕನ್ನಡ ನಾಡಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಯಂತ್ರವೊಂದನ್ನಿಟ್ಟುಕೊಂಡು 1935ರ ಸೆಪ್ಟೆಂಬರ್ 10ರಂದು ಪ್ರಸಾರ ಆರಂಭಿಸಿದರು. ಆ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು. ಎಂಥ ಹೆಸರದು! 1957ರಲ್ಲಿ ಇಡೀ ದೇಶದ ಬಾನುಲಿ ಅದನ್ನು ಧರಿಸಿತು; 2023ರಿಂದ ಇಂಗ್ಲಿಷಿನಲ್ಲಿಯೂ ಅದೇ ಹೆಸರು. ಒಬ್ಬ ಮೇಷ್ಟ್ರು ಹಚ್ಚಿದ ದೀಪವದು. ಆದರೂ ಸುಮಾರು ಆರು ವರ್ಷ ನಡೆಸಿದ ಮೇಲೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಳ್ಳಬೇಕಾಯಿತು. ದೀಪವನ್ನು ಹಚ್ಚಲು ಒಬ್ಬರು ಸಾಕು. ತಲೆಮಾರುಗಳವರೆಗೆ ಎಣ್ಣೆ ಹೊಯ್ಯಲು ಊರೆಲ್ಲ ಬೇಕು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದದ್ದು ಸಾರ್ವಜನಿಕ ಹಣದಿಂದಲೇ.

ಸಾರ್ವಜನಿಕ ಹಣಕ್ಕೆ ಒಂದು ಕುಂದೂ ಉಂಟು. ಎಣ್ಣೆ ಹೊಯ್ಯುವ ಕೈ ದೀಪವನ್ನು ತನ್ನತ್ತ ತಿರುಗಿಸಿಕೊಳ್ಳುವುದು ಸಹಜ. ಸರಕಾರ ಉಳಿಸಿದ ಬಾನುಲಿ ಬಹುಕಾಲ ಸರಕಾರದ ಬಾಯಾಗಿಯೇ ಇತ್ತು. ಇದನ್ನು ತಿದ್ದಲು 1990ರಲ್ಲಿ ಪ್ರಸಾರ ಭಾರತಿ ಕಾಯಿದೆಯಾಗಿ, 1997ರಲ್ಲಿ ಜಾರಿಗೆ ಬಂದಿತು. ಆದರೆ ಆ ಹೊತ್ತಿಗೆ ಕೇಳುಗರ ಲೈಸೆನ್ಸ್ ಶುಲ್ಕ ರದ್ದಾಗಿ ವರ್ಷಗಳೇ ಕಳೆದಿದ್ದವು. ಹೆಸರಿಗೆ ಸ್ವಾಯತ್ತ ಸಂಸ್ಥೆ. ಸಿಬ್ಬಂದಿಯ ಸಂಬಳಕ್ಕೆ ಸರಕಾರದ ಅನುದಾನವೇ ಆಧಾರ.

ಆದುದರಿಂದ ಕತ್ತರಿ ಮತ್ತೆ ಆಡುತ್ತದೆ. 2019ರ ಜನವರಿಯಲ್ಲಿ ಖರ್ಚು ಕಡಿತದ ಕಾರಣದಿಂದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯೂ ಐದು ನಗರಗಳ ತರಬೇತಿ ಶಾಲೆಗಳೂ ಮುಚ್ಚಿದವು. 2025ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಲ್ಲಿಯ ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಕ್ಕೆಂದು ಮೀಸಲಿದ್ದ ನೂರು ಕೋಟಿಗೂ ಮೀರಿದ ಡಾಲರುಗಳನ್ನು ಹಿಂದಕ್ಕೆ ಪಡೆಯಿತು. ಎಲ್ಲಿ ನೋಡಿದರೂ ಖರ್ಚಿನ ಅಂಕಣ ಮೊದಲು ಕಣ್ಣಿಗೆ ಬೀಳುತ್ತದೆ. ಜಮೆಯ ಅಂಕಣದಲ್ಲಿ ಜಾನಪದ ಗೀತೆ, ಕೃಷಿರಂಗ, ಮಕ್ಕಳ ಕಾರ್ಯಕ್ರಮ, ಪ್ರದೇಶ ಸಮಾಚಾರಗಳನ್ನು ಎಷ್ಟು ರೂಪಾಯಿಯೆಂದು ಬರೆಯಬೇಕೋ ಯಾವ ಅಕೌಂಟೆಂಟನಿಗೂ ಗೊತ್ತಿಲ್ಲ. ಬರೆಯಲಾಗದೆಂದು ಬಿಟ್ಟದ್ದು ಸೊನ್ನೆಯಾಗುವುದಿಲ್ಲ.

1931ರಲ್ಲಿ ಬಾನುಲಿಯನ್ನು ಉಳಿಸಿದ್ದು ಅದರ ಲಾಭವಲ್ಲ, ಅದು ನಷ್ಟದಲ್ಲಿತ್ತು. ಇದು ನಮಗೆ ಬೇಕು ಎಂದು ಬಾಯಿಬಿಟ್ಟು ಹೇಳಿದ ಕೇಳುಗರು ಅದನ್ನು ಉಳಿಸಿದರು. ಇಂದು ಧಾರವಾಡವಾಗಲಿ ಮಂಗಳೂರಾಗಲಿ 30 ಮೈಲಿಯ ಗೆರೆಯೊಳಗಿಲ್ಲ. ಫೋನಿನಲ್ಲಿ 'ನ್ಯೂಸ್ ಆನ್ ಏರ್' ಹಾಕಿದರೆ ಮುಂಬಯಿಯ ಅಡಿಗೆಮನೆಯಲ್ಲಿಯೇ ಕೇಳುತ್ತವೆ. ಶುಲ್ಕವಿಲ್ಲ, ಲೈಸೆನ್ಸಿಲ್ಲ. ಆದರೆ ಲೆಕ್ಕದಲ್ಲಿ ಹೆಸರಿಲ್ಲದ ಕೇಳುಗನು ಕತ್ತರಿ ಹಿಡಿದವನ ಕಣ್ಣಿಗೆ ಬೀಳುವುದಿಲ್ಲ. ಮನೆಮಂದಿಯೆಲ್ಲ ದಿನಕ್ಕೆ ಅರ್ಧ ಗಂಟೆ ಕೇಳೋಣ. ಮೆಚ್ಚಿದ ಕಾರ್ಯಕ್ರಮಕ್ಕೆ ಆಯಾ ಕೇಂದ್ರಕ್ಕೆ ಎರಡು ಸಾಲು ಬರೆಯೋಣ. ಮೆಚ್ಚದಿದ್ದರೆ ಅದನ್ನೂ ಬರೆಯೋಣ. ಊರಿನಿಂದ ದೂರವಿರುವ ಕನ್ನಡಿಗರು ಬಾನುಲಿಗೆ ಇಂದು ಕೊಡಬಹುದಾದ ಲೈಸೆನ್ಸ್ ಶುಲ್ಕ ಇಷ್ಟೇ.