ಸವೆಯುವ ಮುನ್ನ ಊದುವ ಮೃದ್ವಸ್ಥಿ

ದೊಡ್ಡಬಳ್ಳಾಪುರದಲ್ಲಿ ಪಾಳಿಯುದ್ದಕ್ಕೂ ಮಗ್ಗದ ಮುಂದೆ ನಿಂತು ದುಡಿಯುವವರು, ದೇವನಹಳ್ಳಿ, ಹೊಸಕೋಟೆ ಕಡೆ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು ಮಂಡಿನೋವೆಂದು ಆಸ್ಪತ್ರೆಗೆ ಬಂದರೆ ಸಾಮಾನ್ಯವಾಗಿ ಮೊದಲು ತೆಗೆಸುವುದು ಎಕ್ಸ್‌ರೇ. ಅದರಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿ (ಕಾರ್ಟಿಲೇಜ್) ಕಾಣುವುದಿಲ್ಲ, ಎರಡು ಮೂಳೆಗಳ ನಡುವಿನ ಸಂದು ಮಾತ್ರ ಕಾಣುತ್ತದೆ. ಸಂದು ಕಿರಿದಾಗಿದ್ದರೆ ಮಂಡಿ ಸವೆದಿದೆ ಎಂದು ಲೆಕ್ಕ. ಈ ಸವೆತವನ್ನು ಅಳೆಯಲು ಇವತ್ತಿಗೂ ವೈದ್ಯರು ಬಳಸುವ ಶ್ರೇಣಿಯನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ರೂಪಿಸಿದ್ದು 1957ರಲ್ಲಿ. ಆದರೆ ಆಸ್ಟಿಯೋಆರ್ಥ್ರೈಟಿಸ್ ಎಂಬ ಈ ಕೀಲುಸವೆತದ ಕಾಯಿಲೆ ಶುರುವಾಗುವಾಗ ಮೃದ್ವಸ್ಥಿ ತೆಳುವಾಗುವುದಕ್ಕೆ ಮೊದಲೇ ನೀರು ಹೀರಿ ಊದುತ್ತದೆ, ಮೆತ್ತಗಾಗುತ್ತದೆ. ಸಂದು ಕಿರಿದಾಗುವ ಹೊತ್ತಿಗೆ ಕಾಯಿಲೆ ಬಹಳ ದೂರ ಬಂದಿರುತ್ತದೆ.

ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಕೂಡಿಕೊಳ್ಳುವುದಿಲ್ಲವೆಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಅದರೊಳಗಿನ ನಾರುಗಳು ಮೂಳೆಯಿಂದ ಮೇಲೆದ್ದು, ಮೇಲ್ಮೈ ಹತ್ತಿರ ಕಮಾನಿನಂತೆ ಬಾಗಿ ಅಡ್ಡಕ್ಕೆ ಹರಡುತ್ತವೆ ಎಂದು ಜರ್ಮನಿಯ ಬೆನಿಂಗ್‌ಹಾಫ್ ತೋರಿಸಿದ್ದು 1925ರಲ್ಲಿ. ಈ ನಾರೇ ಕೊಲಾಜನ್. ಅದು ಮೂರು ಎಳೆಗಳ ಹುರಿ ಎಂಬುದನ್ನು 1954ರಲ್ಲಿ ಮದ್ರಾಸಿನಿಂದ ಜಗತ್ತಿಗೆ ತಿಳಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಕಲಿತವರು. 1970ರ ದಶಕದ ಆರಂಭದಲ್ಲಿ ಅಲ್ಲಿಗೇ ಮರಳಿ ಆಣ್ವಿಕ ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಮಂಡಿನೋವಿನ ವಿಜ್ಞಾನದ ಒಂದು ಬೇರು ನಮ್ಮ ನೆರೆಯಲ್ಲೇ ಇದೆ ಎಂಬ ಹೆಮ್ಮೆಗೆ ಇದು ಸಾಕು.

ಮೃದ್ವಸ್ಥಿಯ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು. ಕೊಲಾಜನ್ ಬಲೆಯೊಳಗೆ ಪ್ರೋಟಿಯೋಗ್ಲೈಕನ್ ಎಂಬ ದೊಡ್ಡ ಅಣುಗಳಿವೆ. ಅವುಗಳ ಋಣವಿದ್ಯುತ್ತು ನೀರನ್ನು ಎಳೆದುಕೊಳ್ಳುತ್ತದೆ, ಬಲೆ ಅದನ್ನು ಬಿಗಿಹಿಡಿಯುತ್ತದೆ. ಕಾಯಿಲೆಯಲ್ಲಿ ಪ್ರೋಟಿಯೋಗ್ಲೈಕನ್ ಕಡಿಮೆಯಾಗುತ್ತದೆ. ಹಾಗಿದ್ದರೆ ನೀರೂ ಕಡಿಮೆಯಾಗಬೇಕಿತ್ತು, ಆಗುವುದು ತಿರುಗಮುರುಗ. ಈ ಒಗಟನ್ನು ಆಲಿಸ್ ಮರೂದಾಸ್ 1976ರಲ್ಲಿ ಬಿಡಿಸಿದರು: ಮೊದಲು ಸೋಲುವುದು ಬಲೆ. ಮೊಳಕೆಗೆಂದು ಹೆಸರುಕಾಳು ಕಟ್ಟಿಟ್ಟ ಬಟ್ಟೆಯ ಗಂಟು ಸಡಿಲಾದರೆ ಕಾಳು ಇನ್ನಷ್ಟು ಉಬ್ಬುವ ಹಾಗೆ, ಬಲೆ ಸಡಿಲಾದಾಗ ಉಳಿದಿರುವ ಅಣುಗಳೇ ಹೆಚ್ಚು ನೀರನ್ನು ಒಳಗೆಳೆಯುತ್ತವೆ. ಈ ಕ್ಷೇತ್ರದ ಎಲ್ಲ ಬರಹಗಳ ನಡುವೆ ನನಗೆ ಇದೇ ಮುಖ್ಯ ತಿರುವಾಗಿ ಕಾಣುತ್ತದೆ.

ಹೆಚ್ಚು ನೀರಿದ್ದರೆ ಕೆಡುಕೇನು? ಉತ್ತರ ಕೊಟ್ಟದ್ದು ಅಮೆರಿಕದ ವ್ಯಾನ್ ಮೌ ಮತ್ತು ಸಂಗಡಿಗರು. ಮೃದ್ವಸ್ಥಿ ಘನ ಮತ್ತು ದ್ರವ ಎರಡೂ ಸೇರಿದ ವಸ್ತು ಎಂದು ಅವರು 1980ರಲ್ಲಿ ಗಣಿತ ಕಟ್ಟಿದರು. ಹೆಜ್ಜೆ ಊರಿದಾಗ ನೀರು ಹೊರಗೆ ನುಸುಳಲು ನೋಡುತ್ತದೆ, ರಂಧ್ರಗಳು ಅತಿ ಕಿರಿದಾದ್ದರಿಂದ ಬೇಗ ಹೋಗಲಾರದು. ಹೀಗೆ ಸಿಕ್ಕಿಬಿದ್ದ ನೀರಿನ ಒತ್ತಡವೇ ಭಾರ ಹೊರುತ್ತದೆ. ಭಾರ ಬಿದ್ದ ಮೊದಲ ಕ್ಷಣಗಳಲ್ಲಿ ಅದರ ಶೇ. 90ಕ್ಕಿಂತ ಹೆಚ್ಚು ಪಾಲನ್ನು ನೀರೇ ಹೊರಬಲ್ಲದೆಂದು ಸೋಲ್ಟ್ಸ್ ಮತ್ತು ಅಟೇಶಿಯನ್ 1998ರಲ್ಲಿ ಅಳೆದು ತೋರಿಸಿದರು. ಸಡಿಲವಾದ ಬಲೆಯಿಂದ ನೀರು ಸಲೀಸಾಗಿ ಜಾರುತ್ತದೆ. ಆಗ ಭಾರವೆಲ್ಲ ನಾರು ಮತ್ತು ಜೀವಕೋಶಗಳ ಮೇಲೆ ಬೀಳುತ್ತದೆ, ಘರ್ಷಣೆ ಏರುತ್ತದೆ, ಬಲೆ ಇನ್ನಷ್ಟು ಹರಿಯುತ್ತದೆ. ನಾಯಿಗಳ ಮಂಡಿಯನ್ನು ಸ್ಥಿರವಾಗಿ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ (ಕಟ್ಟುನಾರು) ಕತ್ತರಿಸಿ ಲೋರಿ ಸೆಟನ್, ಮೌ ಮತ್ತಿತರರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಬದಲಾವಣೆಗಳು 12 ವಾರಗಳಲ್ಲೇ ಕಂಡವು. ಕಬಡ್ಡಿ ಅಂಕಣದಲ್ಲಿ ಲಿಗಮೆಂಟ್ ಹರಿದುಕೊಂಡ ಹುಡುಗರಿಗೆ ನೋವು ಹೋಯಿತೆಂದು ವ್ಯಾಯಾಮ ಬಿಡಬೇಡಿ ಎಂದು ಒತ್ತಿ ಹೇಳಬೇಕಾದದ್ದು ಇದಕ್ಕೇ.

ಶಸ್ತ್ರವೈದ್ಯರ ಬೆರಳಿಗೆ ಈ ಮೆತ್ತನೆ ಗೊತ್ತಿತ್ತು. ಔಟರ್‌ಬ್ರಿಜ್ 1961ರಲ್ಲಿ ಮಾಡಿದ ವರ್ಗೀಕರಣದ ಮೊದಲ ದರ್ಜೆಯೇ ಮೆತ್ತಗಾಗಿ ಊದಿದ ಮೃದ್ವಸ್ಥಿ. ಕೀಲಿನೊಳಗೆ ಸಣ್ಣ ಕ್ಯಾಮೆರಾ ತೂರಿಸಿ ನೋಡುವ ಆರ್ತ್ರೋಸ್ಕೋಪಿ ಮಾಡುವಾಗ ಕೊಕ್ಕೆಯಂಥ ಸಲಾಕೆಯಿಂದ ಒತ್ತಿದರೆ, ಹೊರನೋಟಕ್ಕೆ ನುಣುಪಾಗಿ ಬೆಳ್ಳಗಿರುವ ಮೇಲ್ಮೈ ಗುಳಿ ಬೀಳುತ್ತದೆ. ಆದರೆ ಆ ಅಂದಾಜು ಒತ್ತುವ ಕೈಯನ್ನೇ ನೆಚ್ಚಿಕೊಂಡದ್ದು. ಬಾಸೆಲ್‌ನ ಮಾರ್ಟಿನ್ ಸ್ಟೋಲ್ಜ್ ತಂಡ 2009ರಲ್ಲಿ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಮೊನೆಯಿಂದ ಒತ್ತಿ ನೋಡಿ, ದೊಡ್ಡ ಮಟ್ಟದಲ್ಲಿ ಏನೂ ಕಾಣದಿರುವಾಗಲೇ ನ್ಯಾನೋ ಮಟ್ಟದಲ್ಲಿ ಗಡಸುತನ ಬದಲಾಗಿರುವುದನ್ನು ಕಂಡಿತು. ಎಂಆರ್‌ಐನ ಟಿ2 ಚಿತ್ರಣ ಚರ್ಮ ಕೊಯ್ಯದೆಯೇ ನೀರು ಮತ್ತು ನಾರಿನ ಸ್ಥಿತಿಯ ಸುಳಿವು ಕೊಡುತ್ತದೆ, ಆದರೆ ದುಬಾರಿ.

ಔಷಧದ ಕಡೆಯೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರವಾಲ್ ಅವರ ತಂಡ ರಾಪಮೈಸಿನ್ ಔಷಧವನ್ನು ಸೂಕ್ಷ್ಮ ಪಾಲಿಮರ್ ಕಣಗಳಲ್ಲಿ ತುಂಬಿ, ಕೀಲಿನೊಳಗೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿ, ಇಲಿಗಳ ಮಂಡಿಯಲ್ಲಿ ಹಾನಿ ತಗ್ಗಿಸಿದೆ. ಇಂಥ ಚಿಕಿತ್ಸೆಗೆ ಬಲೆ ಪೂರ್ತಿ ಹರಿಯುವ ಮುನ್ನವೇ ರೋಗಿಯನ್ನು ಗುರುತಿಸಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ತೊಡೆಯ ಸ್ನಾಯು ಬಲಪಡಿಸುವುದು ಮತ್ತು ತೂಕ ಇಳಿಸುವುದು: ಸ್ಥೂಲಕಾಯದ ಮಂಡಿರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1 ಕಿಲೊ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೊ ಇಳಿಯುತ್ತದೆ. ನೆಲಮಂಗಲದಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಕಡಿಮೆ ಖರ್ಚಿನಲ್ಲಿ ಮೃದ್ವಸ್ಥಿಯ ಮೆದುತನ ಅಳೆಯುವ ಉಪಕರಣಕ್ಕಾಗಿ ದುಡಿಯುವುದು, ಹೊಸ ಮಾತ್ರೆಗಾಗಿ ದುಡಿಯುವುದಕ್ಕಿಂತ ಮೊದಲ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.