ಬಾಂತೇಯ್ ಸ್ರೇಯ ಗದಾಯುದ್ಧ

ಕಾಂಬೋಡಿಯಕ್ಕೆ ಹೋದವರೆಲ್ಲ ಮೊದಲು ಅಂಗ್ಕೋರ್ ವಾಟ್ ನೋಡುತ್ತಾರೆ, ನಾನೂ ನೋಡಿದೆ. ಅದು ಮನುಷ್ಯನನ್ನು ಕುಗ್ಗಿಸುವ ಕಟ್ಟಡ. ಆದರೆ ನನ್ನನ್ನು ಅಷ್ಟು ದೂರ ಎಳೆದು ತಂದದ್ದು ಅದಲ್ಲ. ಬಹಳ ವರ್ಷಗಳ ಹಿಂದೆ ಒಂದು ಪುಸ್ತಕದಲ್ಲಿ ಕಂಡ ಚಿತ್ರವೊಂದು ಮನಸ್ಸಿನಲ್ಲಿ ಉಳಿದಿತ್ತು. ಭೀಮ ದುರ್ಯೋಧನರ ಗದಾಯುದ್ಧ. ಕೆಳಗೆ ‘ಬಾಂತೇಯ್ ಸ್ರೇ’ ಎಂಬ ಹೆಸರು. ರನ್ನನನ್ನು ಓದಿ ಬೆಳೆದವನಿಗೆ ಅಷ್ಟು ಸಾಲದೇ?

ಸಿಯೆಮ್ ರೀಪ್ ಪಟ್ಟಣದಿಂದ ಸುಮಾರು 35 ಕಿಲೋಮೀಟರು ದಾರಿ. ಎರಡು ಬದಿಗೂ ಗದ್ದೆ, ತಾಳೆಮರ, ಕಂಬಗಳ ಮೇಲೆ ನಿಂತ ಮರದ ಮನೆಗಳು. ಗುಡಿ ಕಂಡಾಗ ಮೊದಲು ಅನ್ನಿಸಿದ್ದು, ಇಷ್ಟು ಚಿಕ್ಕದೇ ಎಂದು. ನಡುವಿನ ಶಿಖರದ ಎತ್ತರ ಹತ್ತು ಮೀಟರನ್ನು ಮುಟ್ಟುವುದಿಲ್ಲ. ಗರ್ಭಗುಡಿಯ ಬಾಗಿಲು ಒಂದು ಮೀಟರಿಗಿಂತ ತುಸು ಹೆಚ್ಚು. ಒಳಗೆ ಹೋಗುವವನು ಬಗ್ಗಿಯೇ ಹೋಗಬೇಕು. ಕಲ್ಲು ಕೆಂಪು ಬೆರೆತ ಮರಳುಗಲ್ಲು. ಬೆಳಗಿನ ಬಿಸಿಲಿನಲ್ಲಿ ಈಗ ತಾನೆ ಸುಟ್ಟು ತೆಗೆದ ಮಣ್ಣಿನ ಪಾತ್ರೆಯ ಬಣ್ಣ. ಅದರ ಮೇಲೆ ಬೆರಳಿಡುವಷ್ಟು ಜಾಗವನ್ನೂ ಬಿಡದೆ ಕೆತ್ತಿದ್ದಾರೆ. ಹಳೇಬೀಡನ್ನು ಕಂಡ ನಮಗೆ ಕುಸುರಿ ಹೊಸದಲ್ಲ. ಆದರೆ ಹೊಯ್ಸಳರ ಶಿಲ್ಪಿಗಳಿಗೆ ಮೃದುವಾದ ಬಳಪದ ಕಲ್ಲು ಇತ್ತು. ಇವರು ಮರಳುಗಲ್ಲಿನಲ್ಲಿ ಈ ಕೆಲಸ ಮಾಡಿದರು, ಅದೂ ಹಳೇಬೀಡಿಗಿಂತ ಒಂದೂವರೆ ಶತಮಾನ ಮುಂಚೆ.

‘ಬಾಂತೇಯ್ ಸ್ರೇ’ ಎಂದರೆ ಹೆಂಗಸರ ಕೋಟೆ. ಇದು ಈಚಿನ ಹೆಸರು. ಕಟ್ಟಿಸಿದವನು ಕರೆದದ್ದು ತ್ರಿಭುವನಮಹೇಶ್ವರ ಎಂದು. ಕಟ್ಟಿಸಿದವನು ಅರಸನಲ್ಲ ಎಂಬುದೇ ಇಲ್ಲಿಯ ವಿಶೇಷ. ಯಜ್ಞವರಾಹನೆಂಬ ವಿದ್ವಾಂಸ, ಹಿಂದಿನ ಅರಸ ಹರ್ಷವರ್ಮನ ಮೊಮ್ಮಗ, ರಾಜೇಂದ್ರವರ್ಮನ ಆಸ್ಥಾನದಲ್ಲಿದ್ದವನು, ಮುಂದೆ ಐದನೆಯ ಜಯವರ್ಮನಿಗೆ ಗುರುವಾದವನು. ರೋಗಿಗಳಿಗೂ ಬಡವರಿಗೂ ಅನ್ಯಾಯಕ್ಕೆ ಒಳಗಾದವರಿಗೂ ನೆರವಾದನೆಂದು ಶಾಸನ ಅವನನ್ನು ಹೊಗಳುತ್ತದೆ. ಶಾಸನಗಳು ಎಲ್ಲರನ್ನೂ ಹೊಗಳುತ್ತವೆ, ನಿಜ. ಆದರೂ ಶತ್ರುಗಳ ತಲೆಗಳನ್ನು ಎಣಿಸದ ಹೊಗಳಿಕೆ ಅಪರೂಪ. ಪ್ರತಿಷ್ಠೆಯಾದದ್ದು 967ರಲ್ಲಿ. ನಮ್ಮಲ್ಲಿ ಪಂಪ ತನ್ನ ಭಾರತವನ್ನು ಬರೆದು ಕಾಲು ಶತಮಾನವಾಗಿತ್ತು. ರನ್ನನ ಗದಾಯುದ್ಧ ಇನ್ನೂ ಬರಬೇಕಾಗಿತ್ತು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿತ್ತೆಂದು ಯಾರೂ ಹೇಳುವ ಹಾಗಿಲ್ಲ. ವ್ಯಾಸರ ಕಥೆಯೊಂದೇ ಕಡಲಿನ ಎರಡು ದಡಗಳಲ್ಲಿ ಕೆಲಸ ಮಾಡುತ್ತಿತ್ತು, ಅಷ್ಟೆ. ಬಾಗಿಲವಾಡದ ಮೇಲಿನ ಶಾಸನದ ಅಕ್ಷರಗಳನ್ನು ನಾನು ಓದಲಾರೆ. ಆದರೆ ಅವುಗಳ ಗುಂಡು ಸುತ್ತು ನೋಡಿದರೆ ದೂರದ ನೆಂಟರನ್ನು ಕಂಡಂತಾಗುತ್ತದೆ. ಆ ಲಿಪಿಯೂ ದಕ್ಷಿಣ ಭಾರತದ ಲಿಪಿಯಿಂದಲೇ ಬೆಳೆದದ್ದು.

ಕಥೆಗಳೆಲ್ಲ ಇರುವುದು ಬಾಗಿಲುಗಳ ನೆತ್ತಿಯ ಕಮಾನು ಫಲಕಗಳಲ್ಲಿ. ಹತ್ತು ತಲೆಯ ರಾವಣ ಕೈಲಾಸವನ್ನು ಅಲುಗಿಸುತ್ತಿದ್ದಾನೆ; ಬೆಟ್ಟದ ಮೆಟ್ಟಿಲುಗಳಲ್ಲಿ ಋಷಿಗಳೂ ಮೃಗಗಳೂ ದಿಗಿಲುಬಿದ್ದಿವೆ; ಪಾರ್ವತಿ ಶಿವನನ್ನು ಆತುಕೊಂಡಿದ್ದಾಳೆ. ಇನ್ನೊಂದೆಡೆ ಖಾಂಡವವನದ ಮೇಲೆ ಇಂದ್ರ ಮಳೆ ಸುರಿಸುತ್ತಾನೆ. ಮಳೆಯನ್ನು ಓರೆಗೆರೆಗಳಲ್ಲಿ ಕೊರೆದಿದ್ದಾರೆ. ಇವನ್ನೆಲ್ಲ ಬೇಗ ಬೇಗ ನೋಡಿ ಪಶ್ಚಿಮದ ಬಾಗಿಲಿಗೆ ಓಡಿದೆ. ತಲೆಯೆತ್ತಿದರೆ ಇಬ್ಬರು ಹೋರಾಡುತ್ತಿದ್ದಾರೆ! ಸಿಕ್ಕಿತು ಎಂದುಕೊಂಡೆ. ಕಣ್ಣಿಗೆ ಕೈಯಡ್ಡ ಹಿಡಿದು ನೋಡಿದಾಗ ಗದೆ ಕಾಣಲಿಲ್ಲ, ಕಂಡದ್ದು ಕಪಿಮುಖ. ಪಕ್ಕದಲ್ಲಿ ಬಿಲ್ಲು ಹಿಡಿದ ರಾಮ. ವಾಲಿ ಸುಗ್ರೀವರು!

ಅಲ್ಲಿಯ ಕಾವಲುಗಾರನಿಗೆ ಗದೆ ಬೀಸುವ ಅಭಿನಯ ಮಾಡಿ ತೋರಿಸಿದೆ. ಅವನು ನಕ್ಕು, ದಕ್ಷಿಣಕ್ಕೆ ಕೈ ತೋರಿಸಿ, “ನೋಮ್ ಪೆನ್” ಎಂದ. ರಾಜಧಾನಿಯ ವಸ್ತುಸಂಗ್ರಹಾಲಯದಲ್ಲಿದೆ ಎಂದು ಅರ್ಥ. ತಿಲೋತ್ತಮೆಗಾಗಿ ಸುಂದೋಪಸುಂದರು ಹೊಡೆದಾಡುವ ಫಲಕವಂತೂ ಇನ್ನೂ ದೂರ ಹೋಗಿದೆ. ಅದು ಪ್ಯಾರಿಸಿನ ಗಿಮೇ ಸಂಗ್ರಹಾಲಯದಲ್ಲಿದೆ.

ಈ ಗುಡಿಯ ಕಲ್ಲುಗಳಿಗೆ ಕಾಲು ಬಂದ ಕಥೆ ದೊಡ್ಡದು. ಕಾಡು ಮುಚ್ಚಿದ್ದ ಇದು ಫ್ರೆಂಚರ ಗಮನಕ್ಕೆ ಬಂದದ್ದು 1914ರಲ್ಲಿ. 1923ರ ಡಿಸೆಂಬರಿನಲ್ಲಿ 22 ವರ್ಷದ ಆಂದ್ರೆ ಮಾಲ್ರೋ ಹೆಂಡತಿಯೊಡನೆ, ಗೆಳೆಯನೊಡನೆ ಬಂದು ದೇವತಾಮೂರ್ತಿಗಳನ್ನು ಗೋಡೆಯಿಂದ ಬಿಡಿಸಿ, ಪೆಟ್ಟಿಗೆಗೆ ತುಂಬಿ, ಗಾಡಿಯ ಮೇಲೆ ಸಾಗಿಸಿದ. ಮಾರುವ ಉದ್ದೇಶ. ನೋಮ್ ಪೆನ್‌ನಲ್ಲಿ ಸಿಕ್ಕಿಬಿದ್ದ. 1924ರಲ್ಲಿ ಮೂರು ವರ್ಷದ ಸಜೆಯಾಯಿತು. ಮೇಲ್ಮನವಿಯಲ್ಲಿ ಅದು ಒಂದು ವರ್ಷಕ್ಕಿಳಿದು, ಅದನ್ನೂ ಅಮಾನತಿನಲ್ಲಿಟ್ಟರು. ಇದೇ ಮಾಲ್ರೋ ಹೆಸರಾಂತ ಕಾದಂಬರಿಕಾರನಾಗಿ, 1959ರಿಂದ 1969ರವರೆಗೆ ಫ್ರಾನ್ಸಿನ ಸಂಸ್ಕೃತಿ ಮಂತ್ರಿಯೂ ಆಗಿದ್ದ! ಕಲ್ಲುಗಳು ಮಾತ್ರ ಗುಡಿಗೆ ಮರಳಿದವು. ಕಳ್ಳತನದ ಸುದ್ದಿಯಿಂದ ಗುಡಿಗೆ ಹೆಸರು ಬಂತು, ವಿದ್ವಾಂಸರು ಬಂದರು. 1931ರಿಂದ 1936ರವರೆಗೆ ಆನ್ರಿ ಮಾರ್ಷಲ್, ಜಾವಾದಲ್ಲಿ ಡಚ್ಚರಿಂದ ಕಲಿತ ಕ್ರಮದಲ್ಲಿ, ಬಿದ್ದ ಕಲ್ಲುಗಳನ್ನು ಆಯ್ದು, ಜೋಡಿ ಹುಡುಕಿ, ಗುಡಿಯನ್ನು ಮತ್ತೆ ಎತ್ತಿ ನಿಲ್ಲಿಸಿದ. ಇದನ್ನು ಬಹು ಈಚಿನ ಕಟ್ಟಡವೆಂದು ಕೆಲವರು ತಿಳಿದಿದ್ದರು. 1936ರಲ್ಲಿ ಸಿಕ್ಕ ಪ್ರತಿಷ್ಠಾಶಾಸನ 967ನೆಯ ಇಸವಿಯನ್ನು ಖಚಿತಪಡಿಸಿತು.

ಯುದ್ಧದ ವರ್ಷಗಳಲ್ಲಿ, ಆಮೇಲೂ, ಕಳ್ಳರು ಬಿಡಲಿಲ್ಲ. ಈಗ ಮೆಟ್ಟಿಲ ಬಳಿ ಮಂಡಿಯೂರಿ ಕುಳಿತ ದ್ವಾರಪಾಲಕರು ಪ್ರತಿಕೃತಿಗಳು. ಅದು ಗೊತ್ತಾದ ಮೇಲೆ ಅವರ ಮುಖ ನೋಡಲು ನನಗೆ ಏನೋ ಸಂಕೋಚ.

ನಾಲ್ಕು ದಿನಗಳ ಅನಂತರ ನೋಮ್ ಪೆನ್‌ಗೆ ಹೋದೆ. ಕೆಂಪು ಕಟ್ಟಡದ ಒಳಗೆ ಆ ಫಲಕ ನನ್ನ ಕಣ್ಣೆದುರಿಗೇ ಇತ್ತು. ನಡುವೆ ಗದೆಯೆತ್ತಿದ ಇಬ್ಬರು. ಒಂದು ಪಕ್ಕದಲ್ಲಿ ಪಾಂಡವರು. ಇನ್ನೊಂದರಲ್ಲಿ ನೇಗಿಲು ಹಿಡಿದು ಸಿಡಿದೆದ್ದ ಬಲರಾಮ, ಅವನನ್ನು ತಡೆದ ನಾಲ್ಕು ಕೈಯ ಕೃಷ್ಣ. ಬಾಗಿಲ ಮೇಲೆಯೇ ಇದ್ದಿದ್ದರೆ ಇಷ್ಟು ಹತ್ತಿರದಿಂದ ನೋಡಲಾಗುತ್ತಿರಲಿಲ್ಲ. ಭದ್ರವಾಗಿದೆ, ತನ್ನ ದೇಶದಲ್ಲಿದೆ; ಪ್ಯಾರಿಸಿನದಕ್ಕೆ ಆ ಭಾಗ್ಯವೂ ಇಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಇದರ ಕೆಳಗೆ ಬಾಗಿಲಿಲ್ಲ. ತಲೆ ಬಗ್ಗಿಸಿ ಒಳಗೆ ಹೋಗುವವರಿಲ್ಲ.

ಮುಚ್ಚುವ ವೇಳೆಯಾಯಿತೆಂದು ಸೇವಕನೊಬ್ಬ ಬಂದು ಸನ್ನೆ ಮಾಡಿದ. ಇನ್ನೆರಡು ನಿಮಿಷ ಎಂದು ಬೆರಳು ತೋರಿಸಿದೆ. ಅವನು ಒಪ್ಪಿ, ಪಕ್ಕದ ಕಿಟಕಿಗಳನ್ನು ಹಾಕುವುದಕ್ಕೆ ಹೋದ.